ಮುನಿಲಕ್ಷ್ಮಿಯ ಇಪ್ಪತ್ತೊಂಬತ್ತು

ಮಾವಿನ ಹೂವಿನ ವಾಸನೆ ಎಲ್ಲರಿಗೂ ಹಿತ. ನನಗೆ ಆಗುವುದಿಲ್ಲ. ಈ ಫೆಬ್ರವರಿಯಲ್ಲಿ ಬಸ್ಸು ಶ್ರೀನಿವಾಸಪುರಕ್ಕೆ ಹತ್ತಿರವಾಗುತ್ತಿದ್ದಂತೆ ರಸ್ತೆಯ ಎರಡೂ ಕಡೆಯ ತೋಟಗಳಿಂದ ಆ ವಾಸನೆಯೂ ಹೂವಿಗೆ ಹೊಡೆದ ಔಷಧಿಯ ಘಾಟೂ ಸೇರಿ ಕಿಟಕಿಯೊಳಗೆ ನುಗ್ಗಿದವು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಈ ವರ್ಷ ಹೂವು ಬಲು ಚೆನ್ನಾಗಿ ಬಂದೈತೆ ಕಣಮ್ಮ" ಎಂದಳು. ನಾನು ಮೂಗಿಗೆ ಸೆರಗು ಹಿಡಿದು ತಲೆಯಾಡಿಸಿದೆ. ನನ್ನ ಚೀಲದಲ್ಲಿ ನಾನು ಓದಿದ ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ ಇತ್ತು. ಅದರಲ್ಲಿ ಚೈತ್ರಾ ಎಂಬ ನನ್ನ ಹೆಸರಿನ ಕೆಳಗೆ 'ಸಾಧಕಿ, ಹಳೆಯ ವಿದ್ಯಾರ್ಥಿನಿ' ಎಂದು ಅಚ್ಚಾಗಿತ್ತು. ಮಾಲೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು ಅಷ್ಟು ದೊಡ್ಡ ಸಾಧನೆಯೇ ಎಂದು ಯಾರಾದರೂ ತಕರಾರು ತೆಗೆದಿದ್ದರೆ ನಾನು ತಪ್ಪಿಸಿಕೊಳ್ಳಬಹುದಿತ್ತು. ಯಾರೂ ತೆಗೆಯಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಾನು ಅಲ್ಲಿ ಹತ್ತನೆಯ ತರಗತಿಯಲ್ಲಿದ್ದೆ. ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಬೋರ್ಡಿಂಗು. ಮೂರು ಕಡೆ ಮಾವಿನ ತೋಟ, ಒಂದು ಕಡೆ ರಸ್ತೆ, ಗೇಟಿನ ಹತ್ತಿರ ಮೇರಿ ಮಾತೆಯ ಗವಿ. ನಮ್ಮೂರು ಸುಗಟೂರು. ಅಪ್ಪ ಊರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿದವರನ್ನು ಕ್ಯಾನಿನ ಮುಚ್ಚಳ ತೆಗೆಯುತ್ತಲೇ ಹಿಡಿಯುತ್ತಾರೆ ಎಂದು ಹೆಸರು ಪಡೆದ ಮನುಷ್ಯ. "ಸಿಸ್ಟರ್‌ಗಳ ಹತ್ರ ಇದ್ರೆ ಓದೂ ಬತ್ತೈತೆ, ಶಿಸ್ತೂ ಬತ್ತೈತೆ" ಎಂದು ಎಂಟನೆಯ ತರಗತಿಗೇ ನನ್ನನ್ನು ಅಲ್ಲಿ ಬಿಟ್ಟು ಬಂದಿದ್ದರು. ಬೋರ್ಡಿಂಗಿನಲ್ಲಿ ಕ್ರೈಸ್ತರ ಮಕ್ಕಳು ನಾಲ್ಕೈದು ಜನ ಇದ್ದರೆ ಹೆಚ್ಚು. ಉಳಿದವರೆಲ್ಲ ನಮ್ಮಂಥವರೇ, ರಾಗಿ, ಟೊಮ್ಯಾಟೊ, ರೇಷ್ಮೆ ಬೆಳೆಯುವ ಮನೆಗಳವರು. ಆದರೂ ಮಧ್ಯಾಹ್ನ ಹನ್ನೆರಡಕ್ಕೆ ಪ್ರಾರ್ಥನೆಯ ಗಂಟೆ ಹೊಡೆದರೆ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ನಿಂತುಬಿಡುತ್ತಿದ್ದಳು. ಪ್ರಾರ್ಥನೆ ನಮಗೆಲ್ಲ ಬಾಯಿಪಾಠವಾಗಿತ್ತು.

ಊಟದ ಹಾಲಿನ ಗೋಡೆಗೆ ಕಪ್ಪು ಬಣ್ಣ ಬಳಿದ ದೊಡ್ಡ ಹಲಗೆಯೊಂದಿತ್ತು. ಪ್ರತಿ ವರ್ಷ ಹತ್ತನೆಯ ತರಗತಿಯಲ್ಲಿ ಮೊದಲು ಬಂದವಳ ಹೆಸರನ್ನು ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆಸುತ್ತಿದ್ದರು. ಅದರ ಎದುರಿಗೆ ಗಾಜಿನ ಬೀರುವಿನಲ್ಲಿ ಆಟಗಳಲ್ಲಿ ಗೆದ್ದ ಕಪ್ಪುಗಳು. ಮುದ್ದೆ ಮುರಿಯುತ್ತಾ ನಾನು ಹಲಗೆಯ ಕಡೆ ನೋಡುತ್ತಿದ್ದೆ, ಪಕ್ಕದಲ್ಲಿ ಕೂತ ಮುನಿಲಕ್ಷ್ಮಿ ಬೀರುವಿನ ಕಡೆ ನೋಡುತ್ತಿದ್ದಳು.

ಮುನಿಲಕ್ಷ್ಮಿ ಯಲ್ದೂರಿನ ಕಡೆಯ ಹಳ್ಳಿಯವಳು. ಮನೆಮಾತು ತೆಲುಗು. ಅವಳ ಅಪ್ಪ, ಅವಳ ಬಾಯಲ್ಲಿ 'ನಾಯನ', ಬೇರೆಯವರ ಮಾವಿನ ತೋಟಗಳನ್ನು ಕಾಯುತ್ತಿದ್ದರು. ಹುಡುಗಿ ಸಣಕಲಿ, ಉದ್ದ ಕಾಲು, ಖೊಖೊ ಆಟಕ್ಕೇ ಹುಟ್ಟಿದವಳು. ಅವಳನ್ನು ಅಟ್ಟಿಸಿಕೊಂಡು ಹೋದವರು ಕಂಬದ ಹತ್ತಿರ ಮಣ್ಣು ಮುಕ್ಕುತ್ತಿದ್ದರು. ಓಡುವಾಗ "ಒಕಟಿ, ರೆಂಡು, ಮೂಡು" ಎಂದು ತನಗೆ ಮಾತ್ರ ಕೇಳುವಷ್ಟು ಮೆತ್ತಗೆ ಹೆಜ್ಜೆ ಎಣಿಸಿಕೊಳ್ಳುವಳು. ಅದೇ ಹುಡುಗಿ ಗಣಿತದ ಪುಸ್ತಕ ತೆರೆದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. "ಲೆಕ್ಕ ಅಂದ್ರೆ ನಂಗೆ ಜ್ವರ ಬರ್ತೈತೆ ಕಣೇ" ಎಂದು ನಗುತ್ತಲೇ ಹೇಳುತ್ತಿದ್ದಳು. ನಿಜವಾಗಿಯೂ ಪರೀಕ್ಷೆಯ ದಿನ ಅವಳ ಮೈ ಬಿಸಿಯಾಗಿರುತ್ತಿತ್ತು, ನಾನೇ ಮುಟ್ಟಿ ನೋಡಿದ್ದೇನೆ.

ಗಣಿತ ಹೇಳಿಕೊಡುತ್ತಿದ್ದವರು, ಬೋರ್ಡಿಂಗನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರೂ ಒಬ್ಬರೇ, ಸಿಸ್ಟರ್ ಫಿಲೋಮಿನಾ. ಮಂಗಳೂರಿನ ಕಡೆಯವರು. ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಗೆ ಮುಂಚೆ, ಅವರು ಹತ್ತನೆಯವರಿಗೆ ಒಂದು ಟೆಸ್ಟು ಇಡುತ್ತಿದ್ದರು. ಎಂಬತ್ತಕ್ಕೆ ಇಪ್ಪತ್ತೆಂಟು ಬಂದರೆ ಪಾಸು. ಬಾರದವರಿಗೆ ಕೆಂಪು ಬೆಂಚು. ಕೆಂಪು ಬಣ್ಣದ ಎರಡು ಉದ್ದ ಬೆಂಚುಗಳು ಸಿಸ್ಟರ್ ಕೋಣೆಯ ಮುಂದಿನ ಜಗಲಿಯಲ್ಲಿದ್ದವು. ಅಲ್ಲಿ ಕೂತವರಿಗೆ ಜನವರಿಯಿಂದ ಬೋರ್ಡ್ ಪರೀಕ್ಷೆ ಮುಗಿಯುವವರೆಗೆ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಸಿಸ್ಟರ್ ಪಕ್ಕದಲ್ಲೇ ಕೂತು ಲೆಕ್ಕ ಹೇಳಿಕೊಡುವರು. ಆಟ ಇಲ್ಲ, ಹಾಡು ಇಲ್ಲ, ಹೊರಗೆ ಹೋಗುವಂತಿಲ್ಲ. ನಾವು ಆ ಬೆಂಚನ್ನು ಜೈಲು ಎಂದು ಕರೆಯುತ್ತಿದ್ದೆವು. ಅಲ್ಲಿ ಕೂತವರು ಯಾರೂ ಬೋರ್ಡ್ ಪರೀಕ್ಷೆಯಲ್ಲಿ ಫೇಲಾಗಿರಲಿಲ್ಲ ಎನ್ನುವುದು ನಮಗೆ ಗೊತ್ತಿತ್ತು, ಆದರೆ ಅದನ್ನು ಯಾರೂ ಯೋಚಿಸುತ್ತಿರಲಿಲ್ಲ.

ಆ ವರ್ಷ ಮುನಿಲಕ್ಷ್ಮಿಯ ತಂಡ ರಾಜ್ಯ ಮಟ್ಟದ ಖೊಖೊಗೆ ಹೋಗುವುದಿತ್ತು. ಆಟ ಜನವರಿಯಲ್ಲಿ. ನಮ್ಮ ಶಾಲೆಯಿಂದ ಅಷ್ಟು ದೂರ ಹೋದವರು ಮೊದಲು ಯಾರೂ ಇರಲಿಲ್ಲ. ಟೆಸ್ಟಿನಲ್ಲಿ ಫೇಲಾದರೆ ಬೆಂಚು, ಬೆಂಚಾದರೆ ಆಟ ಇಲ್ಲ. "ನನ್ನ ಬಿಟ್ಟು ಹೋಗ್ತಾರೇನೇ? ಹೋಗ್ಲಿ ಬಿಡು. ಹೋಗ್ಲಿ" ಎಂದು ಹೇಳಿ ಹೇಳಿ ಅಳುತ್ತಿದ್ದಳು.

ಅದೇ ದಿನಗಳಲ್ಲಿ ಏಂಜಲ್ ಚೀಟಿ ಎತ್ತುವುದು ಬಂತು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ ಬೋರ್ಡಿಂಗಿನಲ್ಲಿ ನಡೆಯುವ ಪದ್ಧತಿ ಅದು. ಬಿಸ್ಕತ್ತಿನ ಡಬ್ಬಿಯಲ್ಲಿ ಎಲ್ಲರ ಹೆಸರಿನ ಚೀಟಿ ಹಾಕಿ, ಒಬ್ಬೊಬ್ಬರೂ ಒಂದೊಂದು ಎತ್ತಬೇಕು. ಯಾರ ಹೆಸರು ಬಂತೋ ಅವಳಿಗೆ ನೀನು ಏಂಜಲ್. ಅವಳಿಗೆ ತಿಳಿಯದಂತೆ ದಿನಾ ಏನಾದರೂ ಒಳ್ಳೆಯದು ಮಾಡಬೇಕು, ರಜೆಗೆ ಹೊರಡುವ ಹಿಂದಿನ ದಿನದವರೆಗೆ ಬಾಯಿ ಬಿಡಬಾರದು. ನನಗೆ ಬಂದದ್ದು ಮುನಿಲಕ್ಷ್ಮಿಯ ಹೆಸರು. ಚೀಟಿ ಎತ್ತಿಸುವಾಗ ಸಿಸ್ಟರ್ ಫಿಲೋಮಿನಾ ಹೇಳಿದ್ದರು: "ಚಾಕಲೇಟು ಎಲ್ಲರೂ ಕೊಡ್ತಾರೆ. ನಿಮ್ಮಿಂದ ಮಾತ್ರ ಆಗುವ ಒಂದು ಕೆಲಸ ಉಂಟಲ್ಲ, ಅದನ್ನು ಮಾಡಿ ಮಾರಾಯ್ತಿಯರೇ."

ನಾನು ಅವಳ ಕಂಬಳಿ ಮಡಚಿಟ್ಟೆ. ಬೆಳಗಿನ ಚಳಿಯಲ್ಲಿ ಅವಳ ಬಕೆಟ್ಟಿಗೆ ಬಿಸಿನೀರು ತುಂಬಿಟ್ಟೆ. ಬಾಲಯೇಸುವಿನ ಗೋದಲಿಗೆ ಹಸಿರು ಬೇಕೆಂದು ನಾವೆಲ್ಲ ತೆಂಗಿನ ಚಿಪ್ಪಿನಲ್ಲಿ ರಾಗಿ ಮೊಳಕೆ ಬೆಳೆಸುತ್ತಿದ್ದೆವು, ಅವಳು ನೀರು ಹಾಕುವುದನ್ನು ಮರೆತರೆ ನಾನೇ ಹಾಕಿದೆ. ಎಲ್ಲರೂ ಸಾಲಾಗಿ ಕೂತು ಅವರೆಕಾಳು ಹಿತುಕುವ ದಿನ ನನ್ನ ಕಾಳನ್ನು ಮೆಲ್ಲಗೆ ಅವಳ ಪಾತ್ರೆಗೆ ಸುರಿದೆ. ಇದೆಲ್ಲ ಮಾಡುವಾಗ ನನಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ನಾನು ನಿಜಕ್ಕೂ ಒಳ್ಳೆಯವಳೆಂದೇ ನಂಬಿಬಿಟ್ಟಿದ್ದೆ.

ಟೆಸ್ಟು ಮುಗಿಯಿತು. ಸಿಸ್ಟರ್ ಪತ್ರಿಕೆ ತಿದ್ದಿ ಒಳಗೆ ಅಂಚಿನಲ್ಲಿ ಅಂಕ ಹಾಕುವರು. ಅವನ್ನು ಕೂಡಿ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಟ್ಟು ಬರೆದು ರಿಜಿಸ್ಟರಿಗೆ ಏರಿಸುವುದು ನನ್ನ ಕೆಲಸ. ನನ್ನ ಕೂಡುವಿಕೆ ತಪ್ಪುವುದಿಲ್ಲ ಎಂದು ಸಿಸ್ಟರಿಗೆ ನಂಬಿಕೆ, ಬೇರೆ ಹುಡುಗಿಯರಿಗೆ ಇದು ತಿಳಿದಿರಲಿಲ್ಲ. ಒಂದು ಮಧ್ಯಾಹ್ನ ಅತಿಥಿಗಳ ಕೋಣೆಯಲ್ಲಿ ಒಬ್ಬಳೇ ಕೂತು ಕೂಡುತ್ತಿದ್ದೆ. ಕಿಟಕಿಯ ಆಚೆ ಮೈದಾನದಲ್ಲಿ ಅಭ್ಯಾಸ ನಡೆಯುತ್ತಿತ್ತು. ಮುನಿಲಕ್ಷ್ಮಿಯ ಪತ್ರಿಕೆ ಕೈಗೆ ಬಂತು. ಕೂಡಿದೆ. ಹತ್ತೊಂಬತ್ತು. ಮತ್ತೊಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿದೆ. ಹತ್ತೊಂಬತ್ತೇ. ತಲೆ ಎತ್ತಿದರೆ ಅವಳು ಕಂಬದ ಕಡೆ ನೆಗೆದು ಮಣ್ಣಿನಲ್ಲಿ ಜಾರಿ ಎದ್ದು ಲಂಗ ಕೊಡವಿಕೊಳ್ಳುತ್ತಿದ್ದಳು. ನನ್ನಿಂದ ಮಾತ್ರ ಆಗುವ ಕೆಲಸ ಇದೇ ಎಂದು ನನಗೆ ಅನಿಸಿತು. ಇಪ್ಪತ್ತೊಂಬತ್ತು ಎಂದು ಬರೆದೆ. ರಿಜಿಸ್ಟರಿಗೂ ಏರಿಸಿದೆ. ಒಂದು ಕ್ಷಣವೂ ಅಳುಕಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ.

ಪತ್ರಿಕೆ ಹಂಚುವಾಗ ಸಿಸ್ಟರ್, "ಕೂಡಿದ್ದು ತಪ್ಪಿದ್ದರೆ ಹೇಳಿ" ಎಂದರು. ಅರ್ಧ ಅಂಕಕ್ಕೆ ಜಗಳ ತೆಗೆಯುವ ಹುಡುಗಿಯರು ಕೂತಲ್ಲೇ ಬೆರಳು ಮಡಚಿ ಎಣಿಸಿದರು. ಮುನಿಲಕ್ಷ್ಮಿ ಮೊದಲ ಪುಟವನ್ನು ಬಿಟ್ಟು ಒಳಗಿನದನ್ನು ನೋಡಲೇ ಇಲ್ಲ. ಲೆಕ್ಕದ ಪತ್ರಿಕೆಯ ಒಳಪುಟ ಅವಳಿಗೆ ಹಾವಿನ ಹುತ್ತವಿದ್ದಂತೆ. ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು ಕೂತಿದ್ದಳು. ಆಮೇಲೆ ನನ್ನ ಕಿವಿಯಲ್ಲಿ, "ನಂಗೆ ಬರ್ತೈತೆ ಕಣೇ ಚೈತ್ರಾ, ಲೆಕ್ಕ ನಂಗೂ ಬರ್ತೈತೆ" ಎಂದಳು. ನಾನು ಅವಳಿಗೆ ಆಟ ಕೊಡಿಸಬೇಕೆಂದು ಬರೆದಿದ್ದೆ. ಅವಳು ಅದನ್ನು ಬೇರೆಯ ಥರ ತೆಗೆದುಕೊಂಡಿದ್ದಳು.

ರಜೆಗೆ ಹೊರಡುವ ಹಿಂದಿನ ಸಂಜೆ ಗೋದಲಿಯ ಮುಂದೆ ಮೇಣದ ಬತ್ತಿ ಹಚ್ಚಿ ಏಂಜಲುಗಳು ಒಬ್ಬೊಬ್ಬರಾಗಿ ತಮ್ಮ ಗುಟ್ಟು ಹೇಳಿದರು. ನಾನು ಮುನಿಲಕ್ಷ್ಮಿಯ ಕೈಗೆ ಬತ್ತಿ ಕೊಟ್ಟು, "ನಾನು" ಎಂದೆ. "ಬಿಸಿನೀರು ನೀನಾ! ಕಂಬಳಿ ನೀನಾ!" ಎಂದು ಅಪ್ಪಿಕೊಂಡಳು. "ನೀನು ಬೇಡಿಕೊಂಡಿದ್ದಕ್ಕೇ ಕಣೇ ನಾನು ಪಾಸಾಗಿದ್ದು." ಅವತ್ತು ಹೇಳಬಹುದಿತ್ತು. ಗುಟ್ಟು ಒಡೆಯುವುದಕ್ಕೆಂದೇ ಇದ್ದ ಸಂಜೆ ಅದು. ಬಿಸಿನೀರು, ಕಂಬಳಿ, ಅವರೆಕಾಳು ಎಲ್ಲ ಹೇಳಿದೆ. ಇದೊಂದನ್ನು ನುಂಗಿದೆ.

ಮರುದಿನ ಅವಳ ನಾಯನ ಕರೆದುಕೊಂಡು ಹೋಗಲು ಬಂದರು. ಸಿಸ್ಟರುಗಳಿಗೆಂದು ಒಂದು ಚೀಲ ಅವರೆಕಾಯಿ ತಂದಿದ್ದರು. ಓದಲು ಬಾರದ ಮನುಷ್ಯ, ಅಂಕಿ ಮಾತ್ರ ಗೊತ್ತು. ಮುನಿಲಕ್ಷ್ಮಿ ಪತ್ರಿಕೆ ತೋರಿಸಿದಳು. ಅವರು ಕೆಂಪು ಅಂಕಿಯ ಮೇಲೆ ಬೆರಳಿಟ್ಟು "ಇರವೈ ತೊಮ್ಮಿದಿ" ಎಂದರು, ನನ್ನ ಕಡೆ ತಿರುಗಿ ಮತ್ತೊಮ್ಮೆ "ಇರವೈ ತೊಮ್ಮಿದಿ ಅಮ್ಮಾ!" ಎಂದರು. ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಅವರು ಗೇಟು ದಾಟುವವರೆಗೆ ನಾನು ಗವಿಯ ಹಿಂದೆ ನಿಂತಿದ್ದೆ.

ಜನವರಿಯಲ್ಲಿ ತಂಡ ಹೋಗಿ ಎರಡನೆಯ ಬಹುಮಾನ ತಂದಿತು. ಇಡೀ ಬೋರ್ಡಿಂಗು ಗೇಟಿಗೆ ಹೋಗಿ ತಟ್ಟೆ ಬಡಿದು ಸ್ವಾಗತ ಮಾಡಿತು. ಕಪ್ಪನ್ನು ಗಾಜಿನ ಬೀರುವಿನಲ್ಲಿಡುವಾಗ ಸಿಸ್ಟರ್ ಕಣ್ಣೊರೆಸಿಕೊಂಡರು. ಅಷ್ಟೇ ಅಲ್ಲ, ಕೋಲಾರದ ಕಾಲೇಜೊಂದರ ಆಟದ ಮೇಷ್ಟ್ರು ಆಟ ನೋಡಿ, "ಒಂದೇ ಸಲಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿ ಬಾರಮ್ಮ, ಸೀಟೂ ಹಾಸ್ಟೆಲ್ಲೂ ನಾನು ನೋಡ್ಕೋತೀನಿ" ಎಂದಿದ್ದರಂತೆ. ಅವಳು ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ನಾನು ಮಾಡಿದ್ದು ಸರಿಯೇ ಎಂದು ಎರಡು ದಿನ ನೆಮ್ಮದಿಯಾಗಿದ್ದೆ. ಮೂರನೆಯ ದಿನ ಲೆಕ್ಕ ಹಾಕಿದೆ. ಒಂದೇ ಸಲಕ್ಕೆ ಪಾಸಾಗಬೇಕು. ಅವಳಿಗೆ ಬರುವುದು ಹತ್ತೊಂಬತ್ತು. ಜಗಲಿಯ ಕೆಂಪು ಬೆಂಚಿನಲ್ಲಿ ಏಳು ಹುಡುಗಿಯರು ದಿನಾ ಮೂರು ಗಂಟೆ ಕಲಿಯುತ್ತಿದ್ದಾರೆ. ಅವಳು ಅಲ್ಲಿಲ್ಲ.

ಅಲ್ಲಿಂದ ಮುಂದೆ ಬಿಡುವು ಸಿಕ್ಕಾಗಲೆಲ್ಲ ಪುಸ್ತಕ ಹಿಡಿದು ಅವಳ ಹಿಂದೆ ಬಿದ್ದೆ. "ಬಾರೇ, ಇದೊಂದು ಲೆಕ್ಕ ಮಾಡೋಣ" ಎಂದರೆ, "ಬಿಡೇ, ನಂಗೆ ಬರ್ತೈತಲ್ಲ. ಇಂಗ್ಲಿಷ್ ಹೇಳ್ಕೊಡು, ಅದು ಕಷ್ಟ" ಎನ್ನುವಳು. ಕೈ ಹಿಡಿದು ಎಳೆದರೆ ನಗುವಳು. ಒಮ್ಮೆ ಬೇಡಿಕೊಂಡೆ, ಒಮ್ಮೆ ಬೈದೆ. "ಏನೇ ನಿಂಗೆ, ನಾನು ಪಾಸಾಗಿದ್ದು ಹೊಟ್ಟೆಕಿಚ್ಚಾ?" ಎಂದು ಕೇಳಿದಳು. ಆ ಮಾತಿಗೆ ನಾನು ತೋಟದ ಬೇಲಿಯ ಹತ್ತಿರ ಹೋಗಿ ಅತ್ತೆ. ಮಾವು ಆಗ ತಾನೇ ಹೂ ಬಿಟ್ಟಿತ್ತು. ಆ ವಾಸನೆ ನನಗೆ ಆಗದೆ ಹೋದದ್ದು ಅವತ್ತಿನಿಂದ.

ತಿಂಗಳ ಮೊದಲ ಶುಕ್ರವಾರ ಫಾದರ್ ಬರುತ್ತಿದ್ದರು. ಕ್ರೈಸ್ತ ಹುಡುಗಿಯರು ಪಾಪನಿವೇದನೆಗೆ ಸಾಲು ನಿಲ್ಲುವರು, ಹೋಗಿ ಬರುವಾಗ ಅವರ ಮುಖ ಹಗುರಾಗಿರುತ್ತಿತ್ತು. ಆ ಶುಕ್ರವಾರ ನಾನೂ ಸಾಲಿನ ಕೊನೆಗೆ ನಿಂತೆ. ಮಂಡಿಯೂರಿದಾಗ ಫಾದರ್ ನನ್ನ ಹಣೆಯ ಬೊಟ್ಟು ನೋಡಿ, "ನೀನು ನಮ್ಮವಳಲ್ಲ ಅಲ್ವೇನಮ್ಮ?" ಎಂದರು. "ಅಲ್ಲ ಫಾದರ್. ನಾನು ಒಂದು ತಪ್ಪು ಮಾಡಿದೀನಿ." ಅವರು ತಡೆದರು. "ನನಗೆ ಹೇಳಿದ್ರೆ ನಿನಗೆ ಸಮಾಧಾನ ಆಗಬಹುದು. ಆದರೆ ತಪ್ಪು ಯಾರಿಗಾಯ್ತೋ ಅವರಿಗೆ ಹೇಳು. ಇವತ್ತೇ ಹೇಳು" ಎಂದು ತಲೆಯ ಮೇಲೆ ಕೈಯಿಟ್ಟು ಕಳಿಸಿದರು. ನಾನು ನೇರವಾಗಿ ಮೈದಾನಕ್ಕೆ ಹೋದೆ. ಮುನಿಲಕ್ಷ್ಮಿ ಚಿಕ್ಕ ಹುಡುಗಿಯರಿಗೆ ಹೆಜ್ಜೆ ಹೇಳಿಕೊಡುತ್ತಿದ್ದಳು. ನನ್ನನ್ನು ನೋಡಿ, "ಏನೇ, ಜಾತಿ ಬದಲಾಯಿಸ್ಬಿಟ್ಟಾ?" ಎಂದು ಚೇಷ್ಟೆ ಮಾಡಿದಳು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕುಬಿಟ್ಟೆ. ಹೇಳುವುದು ಅಲ್ಲಿಗೇ ನಿಂತಿತು.

ಹೇಳದೆ ಇದ್ದದ್ದಕ್ಕೆ ಕಾರಣ ನಾಚಿಕೆಯೊಂದೇ ಅಲ್ಲ. ಆ ವರ್ಷದ ಉತ್ತಮ ವಿದ್ಯಾರ್ಥಿನಿ ಶೀಲ್ಡಿಗೆ ಸಿಸ್ಟರುಗಳು ನನ್ನ ಹೆಸರು ಮಾತಾಡಿಕೊಂಡಿದ್ದರು. ಹಲಗೆಯ ಮೇಲೆ ನನ್ನ ಹೆಸರು ಬರುವುದೂ ಹೆಚ್ಚುಕಡಿಮೆ ಖಚಿತವಾಗಿತ್ತು. ಅಂಕ ತಿದ್ದಿದವಳಿಗೆ ಯಾವ ಶೀಲ್ಡು? ಅಪ್ಪನ ಮುಖ ಕಣ್ಣಮುಂದೆ ಬರುತ್ತಿತ್ತು, ಕ್ಯಾನಿನ ಮುಚ್ಚಳ ತೆಗೆದು ಬಗ್ಗಿ ನೋಡುವ ಮುಖ.

ಫೆಬ್ರವರಿ ಮಧ್ಯದಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಆ ಪತ್ರಿಕೆಗಳನ್ನು ಹೊರಗಿನ ಟೀಚರುಗಳು ತಿದ್ದಿ ಅವರೇ ಕೂಡಿ ಕಳಿಸಿದರು. ಮುನಿಲಕ್ಷ್ಮಿಗೆ ಹದಿನಾಲ್ಕು. ಸಿಸ್ಟರ್ ಅವಳನ್ನು ಜಗಲಿಗೆ ಕರೆಸಿದರು. ನಾನು ಸೀಮೆಸುಣ್ಣದ ಡಬ್ಬಿ ಕೊಡಲು ಹೋಗಿ ಅಲ್ಲೇ ಸಿಕ್ಕಿಕೊಂಡೆ. "ಎಂತ ಮಾರಾಯ್ತಿ ಇದು? ಕ್ರಿಸ್‌ಮಸ್ಸಿಗೆ ಇಪ್ಪತ್ತೊಂಬತ್ತು ತೆಗೆದವಳು ಹದಿನಾಲ್ಕಕ್ಕೆ ಬಂದೆಯಲ್ಲ! ಕಪ್ಪು ಬಂತು, ತಲೆ ತಿರುಗಿತು, ಅಷ್ಟೇ ಅಲ್ಲವಾ? ನಿನ್ನನ್ನು ಆಟಕ್ಕೆ ಕಳಿಸಿದ್ದು ನಂದೇ ತಪ್ಪು" ಎಂದರು ಸಿಸ್ಟರ್. ಮುನಿಲಕ್ಷ್ಮಿ, "ಓದಿದೀನಿ ಸಿಸ್ಟರ್. ಆಣೆಗೂ ಓದಿದೀನಿ. ಯಾಕೆ ಹಿಂಗಾಯ್ತೋ ಗೊತ್ತಿಲ್ಲ" ಎಂದು ಕೈ ಜೋಡಿಸಿದಳು. "ಚೈತ್ರಾ, ನೀನೇ ಹೇಳು, ಇವಳು ಓದ್ತಿದ್ದಳಾ?" ಎಂದು ಸಿಸ್ಟರ್ ನನ್ನನ್ನು ಕೇಳಿದರು. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ನಾನು ನೆಲ ನೋಡಿದೆ. ಬಾಯಿ ತೆರೆದರೆ ಎಲ್ಲವೂ ಹೊರಗೆ ಬರುವುದಿತ್ತು. "ಸ್ವಲ್ಪ ಆಟದ ಕಡೆ ಗಮನ ಇತ್ತು ಸಿಸ್ಟರ್" ಎಂದೆ. ಇಷ್ಟು ವರ್ಷದಲ್ಲಿ ನಾನು ಆಡಿದ ಮಾತುಗಳಲ್ಲಿ ಅದರಷ್ಟು ಕೊಳಕಾದದ್ದು ಇನ್ನೊಂದಿಲ್ಲ.

ಅವಳು ಬೆಂಚಿಗೆ ಬಂದಳು. ಉಳಿದದ್ದು ಐದು ವಾರ. ಬೆಂಚಿನ ಏಳು ಜನ ಆಗಲೇ ಬಹಳ ಮುಂದೆ ಹೋಗಿದ್ದರು. ಸಿಸ್ಟರ್ ಇವಳಿಗಾಗಿ ಹಿಂದಕ್ಕೆ ಹೋದರೆ ಅವರಿಗೆ ಹೊತ್ತು ಸಾಲದು, ಮುಂದಕ್ಕೆ ಹೋದರೆ ಇವಳಿಗೆ ತಿಳಿಯದು. ನಾನು ಸ್ನಾನದ ಮನೆಯ ಸಾಲಿನಲ್ಲಿ, ಊಟದ ಸಾಲಿನಲ್ಲಿ, ತರಗೆಲೆ ಗುಡಿಸುವಾಗ ಅವಳಿಗೆ ಸೂತ್ರ ಬಾಯಿಪಾಠ ಮಾಡಿಸಿದೆ. ನಗುವುದನ್ನು ಬಿಟ್ಟಿದ್ದಳು. ಹೇಳಿದ್ದನ್ನೆಲ್ಲ ಮಾಡುತ್ತಿದ್ದಳು, ಮಾಡಿದ್ದೆಲ್ಲ ತಪ್ಪುತ್ತಿತ್ತು. ಮಾರ್ಚಿನ ಬಿಸಿಲಿಗೆ ಹೂವು ಉದುರಿ ಸಾಸಿವೆಯಷ್ಟು ಕಾಯಿ ಕಟ್ಟಿತು. "ಹೆಂಗೆ ಬಂತೇ ಆಗ ನಂಗೆ? ಆಗ ಏನು ಓದಿದ್ನೋ ಅದನ್ನೇ ಓದ್ತೀನಿ, ನೆನಪು ಮಾಡೇ" ಎಂದು ಒಂದು ದಿನ ಕೇಳಿದಳು. ನಾನು ಏನು ನೆನಪು ಮಾಡಲಿ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಶಾಲೆಗೆ ನಾನೇ ಮೊದಲು. ಕೆಂಪು ಬೆಂಚಿನ ಏಳು ಜನವೂ ಪಾಸು. ಎಂಟನೆಯವಳು, ಗಣಿತದಲ್ಲಿ ಆರು ಅಂಕಕ್ಕೆ, ಫೇಲು. ತೋಟಗಳಲ್ಲಿ ಕಾಯಿ ಕೀಳುವ ಕೆಲಸ ಜೋರಾಗಿತ್ತು. ಅಂಕಪಟ್ಟಿ ತರಲು ಹೋದಾಗ ಅವಳ ನಾಯನ ಗೇಟಿನಲ್ಲಿ ಸಿಕ್ಕರು. ನನಗೆ ಒಂದು ಚೀಲ ಹಣ್ಣು ಕೊಟ್ಟು, "ನುವ್ವೇನಾ ಫಸ್ಟು? ಚಾಲಾ ಸಂತೋಷಂ ತಲ್ಲೀ" ಎಂದರು. ಮುನಿಲಕ್ಷ್ಮಿ ಬಂದಿರಲಿಲ್ಲ. ಜೂನಿನ ಮರುಪರೀಕ್ಷೆಗೆ ಅರ್ಜಿ ಹಾಕಿ, ಪರೀಕ್ಷೆಯ ದಿನ ಜ್ವರ ಬಂತೆಂದು ಹೋಗಲೇ ಇಲ್ಲ ಎಂದು ಆಮೇಲೆ ಕೇಳಿದೆ. ಕಾಲೇಜಿನ ಸೀಟು ಇನ್ನೊಬ್ಬರಿಗೆ ಹೋಯಿತು. ಮೂರು ವರ್ಷದ ಮೇಲೆ ಮುಳಬಾಗಿಲಿನ ಕಡೆಯ ಹುಡುಗನಿಗೆ ಅವಳನ್ನು ಮದುವೆ ಮಾಡಿಕೊಟ್ಟರು ಎಂದೂ ಕೇಳಿದೆ. ನಾನು ಹೋಗಲಿಲ್ಲ. ಹೋಗದಿರಲು ನನಗೆ ಯಾವಾಗಲೂ ಒಂದು ಪರೀಕ್ಷೆ ಇರುತ್ತಿತ್ತು.

ಈ ಫೆಬ್ರವರಿಯಲ್ಲಿ ಅದೇ ಊಟದ ಹಾಲಿನಲ್ಲಿ ನನಗೆ ಶಾಲು ಹೊದಿಸಿದರು. ಸಿಸ್ಟರ್ ಫಿಲೋಮಿನಾ ಈಗ ಅಲ್ಲಿಲ್ಲ, ವಯಸ್ಸಾಗಿ ಊರ ಕಡೆಯ ಕಾನ್ವೆಂಟಿಗೆ ಹೋಗಿದ್ದಾರೆ. ಹಲಗೆಯ ಮೇಲೆ ನನ್ನ ಹೆಸರು ಸ್ವಲ್ಪ ಮಾಸಿದೆ. ಬೀರುವಿನಲ್ಲಿ ಖೊಖೊ ಕಪ್ಪು ಹಾಗೇ ಇದೆ. ವೇದಿಕೆಯಿಂದ ಇಳಿಯುತ್ತಿದ್ದಂತೆ ಯಾರೋ ನನ್ನ ತೋಳು ಹಿಡಿದು ಎಳೆದರು. "ಏನೇ ಸಾಧಕೀ, ಗುರುತು ಸಿಗಲ್ವಾ?" ಮುನಿಲಕ್ಷ್ಮಿ. ಮೈ ತುಂಬಿಕೊಂಡಿದ್ದಾಳೆ, ನಗು ಮಾತ್ರ ಹಳೆಯದೇ. ಗಂಡ ಟೆಂಪೋ ಇಟ್ಟುಕೊಂಡು ಮಂಡಿಗೆ ಮಾವು ಸಾಗಿಸುತ್ತಾನೆ, ಅದಕ್ಕೇ ಶ್ರೀನಿವಾಸಪುರದಲ್ಲೇ ಮನೆ ಮಾಡಿದ್ದಾರೆ. ಮಗಳು ಭವ್ಯ ಇದೇ ಶಾಲೆಯಲ್ಲಿ ಎರಡನೆಯ ತರಗತಿ. "ಮನೆಗೆ ಬರದಿದ್ರೆ ನಿನ್ನ ಬಸ್ ಹತ್ತಕ್ಕೆ ಬಿಡಲ್ಲ" ಎಂದು ನನ್ನ ಚೀಲ ಕಿತ್ತುಕೊಂಡು ನಡೆದೇಬಿಟ್ಟಳು.

ಶಾಲೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಕಾಫಿ ಕೊಟ್ಟಳು. ಸಂಜೆಯ ಬಿಸಿಲು ಇನ್ನೂ ಬಾಗಿಲಲ್ಲಿತ್ತು. ಭವ್ಯ ನೆಲದ ಮೇಲೆ ಬೋರಲು ಮಲಗಿ ಕೂಡುವ ಲೆಕ್ಕ ಬರೆಯುತ್ತಾ, "ನಂಗೆ ಬರಲ್ಲ" ಎಂದು ರಾಗ ಎಳೆದಳು. ಮುನಿಲಕ್ಷ್ಮಿ ಗದರಲಿಲ್ಲ. ಬೀರು ತೆಗೆದು, ಖೊಖೊ ಸರ್ಟಿಫಿಕೇಟುಗಳ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟಿದ್ದ ಒಂದು ಹಳೆಯ ಕಾಗದದ ಕಟ್ಟು ತಂದಳು. ಮಡಿಕೆಗಳು ಸವೆದು ಹೋಗಿದ್ದವು. ಕೆಂಪು ಶಾಯಿ ಕಂದು ಬಣ್ಣಕ್ಕೆ ತಿರುಗಿತ್ತು.

"ನಿಮ್ಮಮ್ಮಂಗೂ ಬರಲ್ಲ ಅಂತಾನೇ ಎಲ್ರೂ ಅಂದಿದ್ರು. ನೋಡು, ಇಪ್ಪತ್ತೊಂಬತ್ತು. ಈ ಆಂಟಿನೇ ಸಾಕ್ಷಿ" ಎಂದು ಮಗಳಿಗೆ ತೋರಿಸಿ, ನನಗೆ ಹೇಳಿದಳು: "ಬರಲ್ಲ ಅಂದಾಗೆಲ್ಲ ಇದನ್ನೇ ತೋರಿಸ್ತೀನಿ ಕಣೇ. ಬೋರ್ಡಲ್ಲಿ ಏನಾಯ್ತೋ, ನನ್ನ ಗ್ರಾಚಾರ. ಆದ್ರೆ ಒಂದ್ಸಲ ಬಂದಿತ್ತಲ್ಲ, ಅದು ಸಾಕು ನಂಗೆ."

ಭವ್ಯ ಕಾಗದ ಎಳೆದುಕೊಂಡು ಒಳಪುಟ ತೆರೆದಳು. ಅಂಚಿನ ಅಂಕಿಗಳನ್ನು ಕಂಡು ಅವಳಿಗೆ ಆಟವೆನಿಸಿತು. ಬೆರಳು ಮಡಚಿ ಮಡಚಿ ಕೂಡತೊಡಗಿದಳು. ನಾನು ಕಾಫಿಯ ಲೋಟ ಕೆಳಗಿಟ್ಟೆ.

"ಅಮ್ಮಾ, ಹತ್ತೊಂಬತ್ತು ಬರ್ತೈತೆ."

"ಸರಿಯಾಗಿ ಕೂಡೇ."

"ಎರಡು ಸಲ ಕೂಡ್ದೆ. ಹತ್ತೊಂಬತ್ತೇ."

"ತಪ್ಪು ಮಾಡಿರ್ತೀಯ. ಸಿಸ್ಟರ್ ಹಾಕಿದ್ದು ತಪ್ಪಾಗ್ತೈತಾ? ತಗೋಳೇ ಚೈತ್ರಾ, ನೀನು ಟೀಚರು, ನೀನೇ ಹೇಳ್ಕೊಡು ಇವಳಿಗೆ" ಎಂದು ಕಾಗದವನ್ನು ನನ್ನ ಮಡಿಲಿಗೆ ಹಾಕಿದಳು.

ಮಗು ನನ್ನ ಮುಖವನ್ನೇ ನೋಡುತ್ತಿತ್ತು. ಇಪ್ಪತ್ತೊಂಬತ್ತು ಎಂದರೆ ಮುಗಿಯುತ್ತಿತ್ತು. ಇವಳ ಬೀರುವಿನಲ್ಲಿ ಅದು ಹಾಗೇ ಇರುತ್ತಿತ್ತು, ಈ ಮಗುವಿಗೆ ಕೂಡಲು ಬರುವುದಿಲ್ಲ ಎಂದಾಗುತ್ತಿತ್ತು. ನನಗೆ ಅಂಕಿಗಳನ್ನು ನೋಡುವ ಅಗತ್ಯವೇ ಇರಲಿಲ್ಲ.

"ಅವಳು ಕೂಡಿದ್ದು ಸರಿಯಾಗಿದೆ ಮುನಿ" ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಅವಳು ನನ್ನ ಪಕ್ಕದಲ್ಲಿ ಕೂತು, ಹನ್ನೊಂದು ವರ್ಷದಲ್ಲಿ ಮೊದಲ ಸಲ, ಆ ಒಳಪುಟದ ಅಂಚಿನ ಮೇಲೆ ಬೆರಳಿಟ್ಟಳು. ಮೈದಾನದಲ್ಲಿ ಹೆಜ್ಜೆ ಎಣಿಸುತ್ತಿದ್ದ ಅದೇ ಮೆಲುದನಿಯಲ್ಲಿ ಕೂಡಿದಳು. "ಮೂಡು... ನಾಲುಗು... ಆರು... ಪದಿ... ಪನ್ನೆಂಡು... ಪದಮೂಡು... ಪದಹಾರು..." ಬೆರಳು ಕೊನೆಯ ಅಂಕಿಯ ಮೇಲೆ ನಿಂತಿತು. "ಪಂತೊಮ್ಮಿದಿ."

ಮೊದಲ ಪುಟಕ್ಕೆ ತಿರುಗಿಸಿದಳು. "ಇದನ್ನ ಬರೆದೋರು ಯಾರೇ?"

"ನಾನು. ನಿನ್ನನ್ನ ಆಟಕ್ಕೆ ಕಳಿಸ್ಬೇಕು ಅಂತ... ಅವತ್ತು ನಾನು ನಿನ್ನ ಏಂಜಲ್ ಆಗಿದ್ದೆನಲ್ಲ."

ಅವಳು ಬೈಯಲಿಲ್ಲ. ಬೈಯಲಿ ಎಂದು ಕಾದೆ. ಆ ಎರಡಂಕಿಯ ಮೇಲೆ ಹೆಬ್ಬೆರಳು ಒತ್ತಿ, "ಅಂದ್ರೆ ನಂಗೆ ಬಂದೇ ಇರಲಿಲ್ಲ" ಎಂದಳು.

"ಬೆಂಚಿಗೆ ಕೂತಿದ್ರೆ ಬರ್ತಿತ್ತು. ಅಲ್ಲಿ ಕೂತೋರೆಲ್ಲ ಪಾಸಾದ್ರು. ನಿನ್ನನ್ನ ಅಲ್ಲಿಂದ ಎಬ್ಬಿಸಿದ್ದು ನಾನು."

ಅವಳು ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಚಿದಳು, ಕವರಿಗೆ ಹಾಕಲು ಹೋಗಿ ಹಾಕದೆ ಕೈಯಲ್ಲೇ ಹಿಡಿದುಕೊಂಡಳು. ಭವ್ಯ ನಮ್ಮಿಬ್ಬರ ಮುಖ ನೋಡಿ ನೋಡಿ ಸಾಕಾಗಿ ಅಮ್ಮನ ಸೆರಗು ಜಗ್ಗಿದಳು.

"ಅಮ್ಮಾ, ನಂದು ರೈಟಾ?"

ಮುನಿಲಕ್ಷ್ಮಿ ಮಗಳ ನೋಟ್‌ಬುಕ್ಕನ್ನು ತೊಡೆಯ ಮೇಲೆ ಎಳೆದುಕೊಂಡಳು. ಪೆನ್ಸಿಲಿಗಾಗಿ ಕೈ ಚಾಚಿದಳು, ನನ್ನ ಕಡೆ ನೋಡದೆ. ನಾನು ಕೊಟ್ಟೆ.

"ರೈಟು ಕಣಮ್ಮಾ" ಎಂದು ಅದರಲ್ಲಿ ಹತ್ತೊಂಬತ್ತು ಬರೆದು, ಪಕ್ಕದಲ್ಲಿ ದೊಡ್ಡದಾಗಿ ಒಂದು ರೈಟು ಗುರುತು ಹಾಕಿದಳು.